ಒಂಟಿ ಕಾಲಿನ ಸಿಲ್ವರ್‌ನ ಮುಖ ಹೇಗಿತ್ತು?

ಅಮೆರಿಕದ ‘ಕ್ಲಾಸಿಕ್ಸ್ ಇಲಸ್ಟ್ರೇಟೆಡ್’ ಕಾಮಿಕ್ಸ್ ಮಾಲೆಯ ಸಂಚಿಕೆಗಳ ಕೊನೆಯಲ್ಲಿ ಓದುಗರಿಗೊಂದು ಕಿವಿಮಾತು ಅಚ್ಚಾಗುತ್ತಿತ್ತು. ಇದನ್ನು ಓದಿದಿರಲ್ಲ, ಇನ್ನು ಶಾಲೆಯ ಗ್ರಂಥಾಲಯಕ್ಕೋ ಊರಿನ ಗ್ರಂಥಾಲಯಕ್ಕೋ ಹೋಗಿ ಮೂಲ ಪುಸ್ತಕದ ಸುಖವನ್ನೂ ಪಡೆಯಿರಿ ಎಂಬುದು ಅದರ ತಾತ್ಪರ್ಯ. ತಾನು ಮಾರುವ ಸರಕಿನ ಮೇಲೆಯೇ ‘ಅಸಲು ಬೇರೆ ಕಡೆ ಸಿಗುತ್ತದೆ’ ಎಂದು ಬರೆಸುವ ವ್ಯಾಪಾರಿ ಅಪರೂಪ. ಈ ವ್ಯಾಪಾರಿಯ ಹೆಸರು ಆಲ್ಬರ್ಟ್ ಕ್ಯಾಂಟರ್. ರಷ್ಯನ್ ಸಾಮ್ರಾಜ್ಯದಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕಕ್ಕೆ ವಲಸೆ ಬಂದು, ಸೇಲ್ಸ್‌ಮನ್ ಆಗಿ ಊರೂರು ತಿರುಗಿದವನು. 1941ರ ಅಕ್ಟೋಬರಿನಲ್ಲಿ ಅಲೆಕ್ಸಾಂಡರ್ ಡ್ಯೂಮಾನ ‘ತ್ರೀ ಮಸ್ಕೆಟಿಯರ್ಸ್’ ಕಾದಂಬರಿಯನ್ನು 64 ಪುಟಗಳ, ಹತ್ತು ಸೆಂಟಿನ ಕಾಮಿಕ್ಸ್ ಆಗಿ ಹೊರತಂದ. ಆಗ ಮಾಲೆಯ ಹೆಸರು ‘ಕ್ಲಾಸಿಕ್ ಕಾಮಿಕ್ಸ್’. ಆ ‘ಕಾಮಿಕ್ಸ್’ ಎಂಬ ಪದವೇ ಮುಜುಗರ ತಂದಿತೋ ಏನೋ, 1947ರಲ್ಲಿ 35ನೇ ಸಂಚಿಕೆಯಿಂದ ಅದನ್ನು ಕಿತ್ತುಹಾಕಿ ‘ಇಲಸ್ಟ್ರೇಟೆಡ್’ ಎಂದು ಮಾಡಿದ. ಒಟ್ಟು 169 ಕೃತಿಗಳು ಬಂದವು. ಮೊದಲ ಐದನ್ನು ನೋಡಿದರೆ ಅವನ ಲೆಕ್ಕಾಚಾರ ತಿಳಿಯುತ್ತದೆ: ‘ತ್ರೀ ಮಸ್ಕೆಟಿಯರ್ಸ್’, ‘ಐವನ್‌ಹೋ’, ‘ಕೌಂಟ್ ಆಫ್ ಮಾಂಟೆ ಕ್ರಿಸ್ಟೊ’, ‘ಲಾಸ್ಟ್ ಆಫ್ ದಿ ಮೊಹಿಕನ್ಸ್’, ‘ಮೊಬಿ ಡಿಕ್’. ಎಲ್ಲವೂ ಕತ್ತಿ, ಕಾಡು, ಕಡಲು.

ಅಲ್ಲಿಂದ ಇಲ್ಲಿಯವರೆಗೆ ಸಾಹಸ ಕಾದಂಬರಿಯ ಕಾಮಿಕ್ಸ್ ರೂಪ ಎದುರಾದಾಗಲೆಲ್ಲ ಎರಡೇ ಪ್ರಶ್ನೆ ಏಳುತ್ತವೆ. ಇದು ಮೂಲಕ್ಕೆ ನಿಷ್ಠವಾಗಿದೆಯೇ? ಇದನ್ನು ಓದಿದ ಮಗು ಮೂಲಕ್ಕೆ ಹೋಗುತ್ತದೆಯೇ? ಎರಡೂ ಪ್ರಶ್ನೆಗಳು ಕಾಮಿಕ್ಸ್ ಎಂದರೆ ಸಾರಾಂಶ ಎಂದು ಮೊದಲೇ ತೀರ್ಮಾನಿಸಿಕೊಂಡು ಕೇಳುವಂಥವು. ಸಾರಾಂಶ ಬರೆಯುವವನಿಗೆ ಮೂಲದಲ್ಲಿ ಇಲ್ಲದ್ದನ್ನು ಸೇರಿಸುವ ಅಗತ್ಯವೇ ಬೀಳುವುದಿಲ್ಲ. ಚಿತ್ರ ಬರೆಯುವವನ ಪಾಡು ಹಾಗಲ್ಲ. ಕಾದಂಬರಿಕಾರ ಹೇಳದೆ ಬಿಟ್ಟ ಮೂಗು, ಅಂಗಿಯ ಗುಂಡಿ, ಬೆಳಕು ಬೀಳುವ ದಿಕ್ಕು, ಪಕ್ಕದಲ್ಲಿ ನಿಂತವನ ಮುಖಭಾವ, ಇವೆಲ್ಲವನ್ನೂ ಅವನು ನಿರ್ಧರಿಸಲೇಬೇಕು. ಹಾಗಾಗಿ ಕಾಮಿಕ್ಸ್ ರೂಪಾಂತರವನ್ನು ಮೂಲದ ಮೇಲಿನ ವ್ಯಾಖ್ಯಾನ ಎಂದು ಓದಬೇಕು, ವ್ಯಾಖ್ಯಾನಕ್ಕೆ ಹಾಕುವ ಒರೆಗಲ್ಲನ್ನೇ ಅದಕ್ಕೂ ಹಾಕಬೇಕು ಎಂಬುದು ನನ್ನ ವಾದ. ತಾಳಮದ್ದಲೆಯ ಅರ್ಥಧಾರಿಯನ್ನು ಪ್ರಸಂಗದ ಪದ್ಯವನ್ನು ಎಷ್ಟು ಚಿಕ್ಕದು ಮಾಡಿದೆ ಎಂದು ಯಾರೂ ಕೇಳುವುದಿಲ್ಲ. ಆ ಪದ್ಯದೊಳಗೆ ಏನನ್ನು ಕಂಡೆ ಎಂದು ಕೇಳುತ್ತಾರೆ.

ಸಾಹಸ ಸಾಹಿತ್ಯದ ಮಟ್ಟಿಗೆ ಈ ವಾದಕ್ಕೆ ಇನ್ನಷ್ಟು ಬಲವಿದೆ. ಏಕೆಂದರೆ ಆ ಸಾಹಿತ್ಯ ಹುಟ್ಟಿದ್ದೇ ಚಿತ್ರದ ಸಹವಾಸದಲ್ಲಿ. 1881ರ ಬೇಸಿಗೆಯಲ್ಲಿ ಸ್ಕಾಟ್‌ಲೆಂಡಿನ ಬ್ರೇಮರ್ ಎಂಬ ಊರಿನಲ್ಲಿ ಮಳೆಗೆ ಸಿಕ್ಕಿ ಮನೆಯೊಳಗೇ ಕುಳಿತಿದ್ದ ರಾಬರ್ಟ್ ಲೂಯಿ ಸ್ಟೀವನ್‌ಸನ್, ಮಲಮಗ ಲಾಯ್ಡ್‌ನ ಜೊತೆ ಸೇರಿ ಒಂದು ದ್ವೀಪದ ನಕ್ಷೆ ಬರೆದು ಬಣ್ಣ ತುಂಬಿದ. ‘ಟ್ರೆಷರ್ ಐಲ್ಯಾಂಡ್’ ಕಾದಂಬರಿ ಶುರುವಾದದ್ದು ಆ ನಕ್ಷೆಯಿಂದ. ಪಾತ್ರಗಳು ಬಂದದ್ದು ಆಮೇಲೆ. ಅದು ‘ಯಂಗ್ ಫೋಕ್ಸ್’ ಎಂಬ ಮಕ್ಕಳ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, 1883ರಲ್ಲಿ ಪುಸ್ತಕವಾಯಿತು. ಪುಸ್ತಕಕ್ಕೆಂದು ಪ್ರಕಾಶಕರಿಗೆ ಕಳಿಸಿದ ನಕ್ಷೆ ದಾರಿಯಲ್ಲೇ ಕಳೆದುಹೋಯಿತು. ಆಗ ಲೇಖಕ ತನ್ನದೇ ಕಾದಂಬರಿಯನ್ನು ಸಾಲು ಸಾಲಾಗಿ ಹುಡುಕಿ, ಅದರಲ್ಲಿರುವ ಅಳತೆ, ದಿಕ್ಕುಗಳಿಗೆ ಹೊಂದುವಂತೆ ಹೊಸ ನಕ್ಷೆ ಮಾಡಬೇಕಾಯಿತು. ನಕ್ಷೆಯ ಮೇಲೆ, ಕಥೆಯ ಕಡಲ್ಗಳ್ಳ ಕ್ಯಾಪ್ಟನ್ ಫ್ಲಿಂಟ್‌ನ ಸಹಿಯನ್ನು ಲೇಖಕನ ತಂದೆಯೇ ಕಳ್ಳಕೈಯಲ್ಲಿ ಹಾಕಿಕೊಟ್ಟರು. ಅಂದರೆ ‘ಟ್ರೆಷರ್ ಐಲ್ಯಾಂಡ್’ನ ಮೊದಲ ಚಿತ್ರ ರೂಪಾಂತರ ಮಾಡಿದವನು ಸ್ಟೀವನ್‌ಸನ್ನೇ. ಮೊದಲಿನ ನಕ್ಷೆಯ ಸೊಗಸು ಎರಡನೆಯದಕ್ಕೆ ಬರಲಿಲ್ಲ ಎಂದು ಅವನು ಆಮೇಲೆ ಕೊರಗಿದ್ದೂ ಉಂಟು.

ಆ ಕಾದಂಬರಿ ಪುಸ್ತಕವಾಗುವ ಮುಂಚೆ, 1882ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಸ್ಟೀವನ್‌ಸನ್ ಸಾಹಸಕಥೆಯ ಗುಟ್ಟನ್ನು ಹೀಗೆ ವಿವರಿಸುತ್ತಾನೆ: ಕಥೆಯ ಎಳೆಗಳು ಆಗಾಗ ಒಂದೆಡೆ ಕೂಡಿ ಒಂದು ಚಿತ್ರವಾಗುತ್ತವೆ, ಮಾತುಗಳೆಲ್ಲ ಮರೆತರೂ ಆ ಚಿತ್ರ ಮನಸ್ಸಿನಲ್ಲಿ ಉಳಿಯುತ್ತದೆ. ಅವನು ಕೊಡುವ ಉದಾಹರಣೆಗಳಲ್ಲಿ ಮರಳ ಮೇಲಿನ ಹೆಜ್ಜೆಗುರುತು ಕಂಡು ಹಿಮ್ಮೆಟ್ಟುವ ಕ್ರೂಸೋ ಇದ್ದಾನೆ, ಬಿಲ್ಲು ಬಗ್ಗಿಸುವ ಯುಲಿಸಿಸ್ ಇದ್ದಾನೆ. ಫ್ರಾನ್ಸಿನ ಕಡೆ ನೋಡಿದರೂ ಇದೇ ಕಥೆ. ಡ್ಯೂಮಾನ ಮಸ್ಕೆಟಿಯರುಗಳು 1844ರಲ್ಲಿ ‘ಲ ಸಿಯೆಕ್ಲ್’ ದಿನಪತ್ರಿಕೆಯಲ್ಲಿ ಕಂತು ಕಂತಾಗಿ ಬಂದವರು. ಪ್ರತಿ ಕಂತಿನ ಬಾಲಕ್ಕೂ ನಾಳೆಯ ಪತ್ರಿಕೆ ಕೊಳ್ಳುವಂತೆ ಮಾಡುವ ಒಂದು ಕೊಕ್ಕೆ ಇರಲೇಬೇಕಿತ್ತು. ಜೂಲ್ ವರ್ನ್‌ನ ಪ್ರಕಾಶಕ ಹೆಟ್ಜೆಲ್ ಅಂತೂ ರಿಯೂ, ದ ನ್ಯೂವಿಲ್ ಮುಂತಾದ ಕಲಾವಿದರಿಂದ ನೂರಾರು ಕೆತ್ತನೆ ಚಿತ್ರಗಳನ್ನು ಮಾಡಿಸಿದ. ‘ಟ್ವೆಂಟಿ ಥೌಸಂಡ್ ಲೀಗ್ಸ್’ ಒಂದರಲ್ಲೇ 111 ಚಿತ್ರಗಳಿವೆ. ಚಿತ್ರವಿಲ್ಲದ, ಒಂದೇ ಸಂಪುಟದ, ಗಂಭೀರ ಮುಖದ ವರ್ನ್ ಎಂಬುದು ಆಮೇಲಿನವರು ಮಾಡಿಕೊಂಡ ಕಲ್ಪನೆ. ಕ್ಯಾಂಟರ್ ಮಾಡಿದ್ದು ಈ ಕಥೆಗಳನ್ನು ಎತ್ತರದ ಕಪಾಟಿನಿಂದ ಇಳಿಸಿ ಅವು ಮೊದಲು ಬಾಳಿದ ಪೇಟೆಗೇ ಮರಳಿಸಿದ ಕೆಲಸ.

ವ್ಯಾಖ್ಯಾನ ಎಂದ ಮೇಲೆ ಅದರಲ್ಲಿ ಜಾಣವೂ ಇರುತ್ತದೆ, ದಡ್ಡವೂ ಇರುತ್ತದೆ. ವ್ಯತ್ಯಾಸ ಎಲ್ಲಿ ಗೊತ್ತಾಗುತ್ತದೆ ಎಂದು ತೋರಿಸಲು ಲಾಂಗ್ ಜಾನ್ ಸಿಲ್ವರ್‌ಗಿಂತ ಒಳ್ಳೆಯ ಪಾತ್ರವಿಲ್ಲ. ಕಾದಂಬರಿಯ ಮೊದಲ ಅಧ್ಯಾಯದಲ್ಲೇ ಬಿಲ್ಲಿ ಬೋನ್ಸ್ ಎಂಬ ಮುದಿ ನಾವಿಕ, ಒಂಟಿ ಕಾಲಿನವನು ಬಂದರೆ ಕೂಡಲೇ ತಿಳಿಸಬೇಕೆಂದು ಹುಡುಗ ಜಿಮ್‌ಗೆ ತಿಂಗಳಿಗೊಂದು ಬೆಳ್ಳಿ ನಾಣ್ಯದ ಸಂಬಳ ಗೊತ್ತು ಮಾಡುತ್ತಾನೆ. ಹುಡುಗನ ಕನಸಿನಲ್ಲಿ ಆ ಒಂಟಿಕಾಲ ಸಾವಿರ ರೂಪ ತಾಳುತ್ತಾನೆ: ಒಮ್ಮೆ ಕಾಲು ಮಂಡಿಯವರೆಗೆ ಕತ್ತರಿಸಿದೆ, ಒಮ್ಮೆ ಸೊಂಟದವರೆಗೆ, ಒಮ್ಮೆ ದೇಹದ ನಟ್ಟನಡುವೆ ಒಂದೇ ಕಾಲು ಮೊಳೆತಿದೆ. ಆಮೇಲೆ ಬ್ರಿಸ್ಟಲ್ ಬಂದರಿನ ಹೋಟೆಲಿನಲ್ಲಿ ನಿಜವಾಗಿ ಒಂಟಿ ಕಾಲಿನ ಸಿಲ್ವರ್ ಎದುರಾದಾಗ, ಜಿಮ್‌ನ ಮನಸ್ಸಿನಲ್ಲಿ ಏಳಬೇಕಾದ ಸಂಶಯ ಒಂದೇ ಕ್ಷಣದಲ್ಲಿ ಅಡಗುತ್ತದೆ. ದೊಡ್ಡ ಅಗಲವಾದ ಮುಖ, ಅದರಲ್ಲಿ ಬುದ್ಧಿ, ನಗು. ಊರುಗೋಲಿನ ಮೇಲೆ ಹಕ್ಕಿಯ ಹಾಗೆ ಕುಪ್ಪಳಿಸುತ್ತ ಗಿರಾಕಿಗಳ ಬೆನ್ನು ತಟ್ಟುವ ಚೊಕ್ಕಟ ಮನುಷ್ಯ. ಇವನು ಕಡಲ್ಗಳ್ಳನಾಗಿರಲು ಸಾಧ್ಯವೇ ಇಲ್ಲ ಎಂದು ಹುಡುಗ ನಂಬುತ್ತಾನೆ. ಅವನು ನಂಬದೆ ಕಾದಂಬರಿ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ.

ಈಗ ಚಿತ್ರಕಾರನ ಮೇಜಿನ ಮೇಲೆ ಖಾಲಿ ಹಾಳೆ ಇದೆ. ಕಾದಂಬರಿಯಲ್ಲಿ ‘ಒಂಟಿ ಕಾಲು’ ಎಂಬುದು ಒಂದು ವಾಕ್ಯದಲ್ಲಿ ಬಂದು, ಮುಂದಿನ ವಾಕ್ಯದ ನಗುವಿನಲ್ಲಿ ಕರಗಿಹೋಗಬಹುದು. ಚೌಕದೊಳಗೆ ಅದು ಕರಗದು. ಊರುಗೋಲು ಓದುಗನ ಕಣ್ಣಿಗೆ ಕುತ್ತುತ್ತಲೇ ಇರುತ್ತದೆ. ಆದ್ದರಿಂದ ಆ ಮುಖವನ್ನು ಓದುಗನೂ ಜಿಮ್‌ನ ಜೊತೆಗೇ ಮೋಸಹೋಗುವಂತೆ ಬರೆಯಬೇಕು. ಕಪ್ಪು ಹುಬ್ಬು, ಓರೆನೋಟ, ಕೆಟ್ಟ ಹಲ್ಲು ಕೊಟ್ಟು ಮೊದಲ ಚೌಕದಲ್ಲೇ ಖಳನನ್ನು ನಿಲ್ಲಿಸುವ ಕಲಾವಿದ ಕಥೆಯ ಒಂದೊಂದು ಘಟನೆಯನ್ನೂ ಚಾಚೂ ತಪ್ಪದೆ ಉಳಿಸಿಕೊಂಡಿರಬಹುದು, ಆದರೂ ಕಾದಂಬರಿಯನ್ನು ಕೊಂದಿರುತ್ತಾನೆ. ನಿಷ್ಠೆಯ ಪ್ರಶ್ನೆ ಎಷ್ಟು ಮೊಂಡು ಆಯುಧ ಎಂಬುದು ಇಲ್ಲಿ ಕಾಣುತ್ತದೆ. ಅಂದಹಾಗೆ, ಮರದ ಕಾಲಿನ ಕಡಲ್ಗಳ್ಳ ಎಂಬ ಜನಪ್ರಿಯ ಚಿತ್ರಕ್ಕೂ ಸಿಲ್ವರ್‌ಗೂ ಸಂಬಂಧವಿಲ್ಲ. ಸ್ಟೀವನ್‌ಸನ್ ಅವನ ಎಡಗಾಲನ್ನು ಸೊಂಟದ ಬಳಿಗೇ ಕತ್ತರಿಸಿ ಊರುಗೋಲು ಕೊಟ್ಟಿದ್ದಾನೆ, ಮರದ ಕಾಲು ಕೊಟ್ಟಿಲ್ಲ. ಆ ಊರುಗೋಲನ್ನೇ ಭರ್ಜಿಯಂತೆ ಎಸೆದು ಸಿಲ್ವರ್ ಒಬ್ಬ ಪ್ರಾಮಾಣಿಕ ನಾವಿಕನನ್ನು ಕೆಡವುತ್ತಾನೆ. ಮರದ ಕಾಲು ಬರೆದವನು ಆ ಕೊಲೆಯನ್ನು ಹೇಗೆ ಬರೆಯುತ್ತಾನೆ?

ಇನ್ನೊಂದು ಪ್ರಸಿದ್ಧ ಸನ್ನಿವೇಶದಲ್ಲಿ ಜಿಮ್ ಹಡಗಿನ ಸೇಬಿನ ಪೀಪಾಯಿಯೊಳಗೆ ಇಳಿದು ಕುಳಿತಿದ್ದಾಗ ಸಿಲ್ವರ್‌ನ ಸಂಚು ಕಿವಿಗೆ ಬೀಳುತ್ತದೆ. ಅಲ್ಲಿರುವುದು ಕತ್ತಲೆ ಮತ್ತು ದನಿ ಮಾತ್ರ. ಗದ್ಯಕ್ಕೆ ಇದು ಹಬ್ಬ, ಚಿತ್ರಕ್ಕೆ ಸಂಕಟ. ಕಲಾವಿದ ಹೊರಗೆ ನಿಂತು ಮಾತಾಡುವವರನ್ನು ತೋರಿಸಿದರೆ ಓದುಗನಿಗೆ ಜಿಮ್‌ಗಿಂತ ಹೆಚ್ಚು ಗೊತ್ತಾಗಿಬಿಡುತ್ತದೆ. ಒಳಗೆ ಕುಳಿತು ಕಪ್ಪು ಚೌಕದ ಮೇಲೆ ಮಾತಿನ ಗುಳ್ಳೆಗಳನ್ನಷ್ಟೇ ತೇಲಿಸಿದರೆ ಭಯ ಉಳಿಯುತ್ತದೆ, ಆದರೆ ಹತ್ತು ಸೆಂಟು ಕೊಟ್ಟು ಬಣ್ಣ ನೋಡಲು ಬಂದ ಗಿರಾಕಿ ಮುನಿಯಬಹುದು. ಇಡೀ ಕಾದಂಬರಿ ‘ನಾನು’ ಎಂಬ ದನಿಯಲ್ಲಿರುವುದು ಇದಕ್ಕಿಂತ ದೊಡ್ಡ ತೊಡಕು. ಗದ್ಯದಲ್ಲಿ ಜಿಮ್ ನೋಡುವ ಕಣ್ಣು. ಕಾಮಿಕ್ಸ್‌ನಲ್ಲಿ ಅವನೂ ನೋಡಿಸಿಕೊಳ್ಳುವ ವಸ್ತು. ಚೌಕದ ಮೇಲಿನ ಪಟ್ಟಿಯಲ್ಲಿ ಎಷ್ಟೇ ‘ನಾನು’ ತುರುಕಿದರೂ ಕೆಳಗೆ ಒಬ್ಬ ಹುಡುಗ ಓಡುತ್ತಿರುತ್ತಾನೆ. ಇದು ನಷ್ಟವೇ. ವ್ಯಾಖ್ಯಾನವಾದಿ ಇದನ್ನು ಮುಚ್ಚಿಡಬೇಕಾಗಿಲ್ಲ.

ಕಾಲದ ವಿಷಯದಲ್ಲಿ ಲೆಕ್ಕ ಬೇರೆ. ‘ಕೌಂಟ್ ಆಫ್ ಮಾಂಟೆ ಕ್ರಿಸ್ಟೊ’ದ ನಾಯಕ ಎಡ್ಮಂಡ್ ದಾಂತೆಸ್ ಷಾತೊ ದಿಫ್ ಸೆರೆಮನೆಯಲ್ಲಿ 1815ರಿಂದ 1829ರವರೆಗೆ ಹದಿನಾಲ್ಕು ವರ್ಷ ಕೊಳೆಯುತ್ತಾನೆ. ಡ್ಯೂಮಾನಿಗೆ ಪುಟಗಳ ಬರವಿರಲಿಲ್ಲ. ಪತ್ರಿಕೆ ಸಾಲಿಗಿಷ್ಟು ಎಂದು ಹಣ ಕೊಡುತ್ತಿತ್ತು. ಕ್ಯಾಂಟರ್‌ನ ಮಾಲೆಗೆ ಇದ್ದದ್ದು ಬರ ಮಾತ್ರ. ಯುದ್ಧಕಾಲದ ಕಾಗದದ ಅಭಾವದಿಂದ 64 ಪುಟ 56ಕ್ಕೆ ಇಳಿದು, ಆಮೇಲೆ 48ಕ್ಕೆ ಬಂದು ನಿಂತಿತು. ಆದರೂ ಒಂದು ಗವಾಕ್ಷಿ, ಅದರ ಕೆಳಗೆ ಕುಳಿತವನ ಗಡ್ಡ ಚೌಕದಿಂದ ಚೌಕಕ್ಕೆ ಬೆಳೆಯುವುದು, ಗವಾಕ್ಷಿ ಮಾತ್ರ ಇದ್ದಂತೆಯೇ ಇರುವುದು, ಇಷ್ಟರಲ್ಲೇ ಹದಿನಾಲ್ಕು ವರ್ಷದ ಭಾರ ಹೊರಿಸಬಹುದಾದ ಸಾಮರ್ಥ್ಯ ಕಾಮಿಕ್ಸ್‌ಗಿದೆ. ಅದೇ ಜಾಗದಲ್ಲಿ ‘ವರ್ಷಗಳು ಉರುಳಿದವು’ ಎಂಬ ಒಂದು ಪಟ್ಟಿ ಹಾಕಿ ಮುಂದೆ ಹೋಗುವ ಸೋಮಾರಿತನಕ್ಕೂ ದಾರಿಯಿದೆ. ಈ ಮಾಲೆಯಲ್ಲಿ ಆ ದಾರಿ ತುಳಿದ ಸಂಚಿಕೆಗಳು ಸಾಕಷ್ಟಿವೆ. ತನ್ನ ಹಳೆಯ ಸಂಚಿಕೆಗಳ ಬಗ್ಗೆ ಪ್ರಕಾಶನಕ್ಕೂ ತೃಪ್ತಿಯಿರಲಿಲ್ಲ ಎಂಬುದಕ್ಕೆ ಸಾಕ್ಷಿ ಅದು ಮಾಡಿದ ಮರುಚಿತ್ರಣಗಳು. 1942ರ ‘ಮೊಬಿ ಡಿಕ್’ ಅನ್ನು 1956ರಲ್ಲಿ ನಾರ್ಮನ್ ನೊಡೆಲ್ ಕೈಲಿ, ಮೊದಲ ಸಂಚಿಕೆಯಾದ ‘ತ್ರೀ ಮಸ್ಕೆಟಿಯರ್ಸ್’ ಅನ್ನು 1959ರಲ್ಲಿ ಜಾರ್ಜ್ ಇವಾನ್ಸ್ ಕೈಲಿ ಹೊಸದಾಗಿ ಬರೆಸಿದರು. ಬರೀ ಸಾರಾಂಶವಾಗಿದ್ದರೆ ಹಳೆಯದನ್ನೇ ಮರುಮುದ್ರಿಸಿದರೆ ಸಾಕಿತ್ತು, ಕಥೆಯೇನೂ ಬದಲಾಗಿರಲಿಲ್ಲವಲ್ಲ. ಮಸ್ಕೆಟಿಯರ್‌ಗಳನ್ನು ಎರಡನೇ ಸಲ ಓದಬೇಕಾಗಿ ಬಂದಿತ್ತು, ಅಷ್ಟೇ.

ಆಕ್ಷೇಪಗಳಿಗೆ ಬರೋಣ. ಅತ್ಯಂತ ಕಟುವಾದದ್ದು ಮನೋವೈದ್ಯ ಫ್ರೆಡ್ರಿಕ್ ವರ್ಥಮ್‌ದು. ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತದೆ ಎಂದು ವಾದಿಸಿದ ಅವನ ‘ಸೆಡಕ್ಷನ್ ಆಫ್ ದಿ ಇನೊಸೆಂಟ್’ 1954ರಲ್ಲಿ ಬಂತು. ಕೊಲೆ, ಭೂತದ ಕಾಮಿಕ್ಸ್‌ಗಳ ಜೊತೆಗೆ ಕ್ಲಾಸಿಕ್‌ಗಳ ಕಾಮಿಕ್ಸ್ ಕೂಡ ಅವನ ಬಾಯಿಗೆ ಬಿತ್ತು. ಇವು ಮಹಾಕೃತಿಗಳಿಂದ ಹಿಂಸೆಯನ್ನಷ್ಟೇ ಹೆಕ್ಕಿ ಉಳಿದದ್ದನ್ನು ಎಸೆಯುತ್ತವೆ ಎಂಬುದು ಅವನ ದೂರು. ಅದೇ ವರ್ಷ ಕಾಮಿಕ್ಸ್ ಪ್ರಕಾಶಕರು ಒಂದಾಗಿ ಸ್ವಯಂ ನಿಯಂತ್ರಣದ ಸಂಹಿತೆ ಮಾಡಿಕೊಂಡಾಗ ಕ್ಯಾಂಟರ್‌ನ ಸಂಸ್ಥೆ ಅದರಿಂದ ಹೊರಗುಳಿಯಿತು. ತಾವು ಪ್ರಕಟಿಸುವುದು ಸಾಹಿತ್ಯ, ಕಾಮಿಕ್ಸ್ ಅಲ್ಲ ಎಂಬುದು ಅವರ ನಿಲುವು. ಈ ಜಾಣತನ ನನಗೆ ಹಿಡಿಸುವುದಿಲ್ಲ. ಸಂಕೋಚಪಟ್ಟು ಹೆಸರು ಬದಲಿಸಿದವರು, ಸಂಕಟ ಬಂದಾಗ ಅದೇ ಹೆಸರಿನ ಹಿಂದೆ ಅಡಗಿದರು. ವರ್ಥಮ್‌ಗೆ ಕೊಡಬೇಕಾಗಿದ್ದ ಉತ್ತರ ಬೇರೆಯಿತ್ತು: ಹಿಂಸೆ ಮೂಲದಲ್ಲೇ ಇದೆ. ಮೇಲೆ ಹೇಳಿದ ಊರುಗೋಲಿನ ಕೊಲೆಯಲ್ಲಿ ಸಿಲ್ವರ್ ಬಿದ್ದವನ ಮೈಗೆ ಎರಡು ಸಲ ಚೂರಿ ಹಾಕಿ, ಅದನ್ನು ಹುಲ್ಲಿನಲ್ಲಿ ಒರೆಸಿಕೊಳ್ಳುತ್ತಾನೆ. ಆದರೆ ಪೊದೆಯಲ್ಲಡಗಿ ನೋಡುತ್ತಿದ್ದ ಜಿಮ್‌ಗೆ ತಲೆ ಸುತ್ತಿ ಲೋಕವೇ ತಿರುಗಿದಂತಾಗುತ್ತದೆ. ಆ ತಲೆಸುತ್ತನ್ನು ಚಿತ್ರಿಸದೆ ಚೂರಿಯನ್ನಷ್ಟೇ ಬರೆದರೆ ವರ್ಥಮ್‌ನ ಮಾತು ನಿಜ. ಹಾಗಾಗಿ ಅವನ ದೂರು ಕೆಟ್ಟ ವ್ಯಾಖ್ಯಾನದ ಮೇಲಿನ ದೂರು; ಮಾಧ್ಯಮದ ಮೇಲೆ ಅದನ್ನು ಹೊರಿಸಿದ್ದು ಅವನ ತಪ್ಪು.

ಎರಡನೆಯ ಆಕ್ಷೇಪ ಮೇಷ್ಟರುಗಳದು. ಹುಡುಗರು ಕಾಮಿಕ್ಸ್ ಓದಿಕೊಂಡು ಬಂದು ಮೂಲ ಓದಿದಂತೆ ಪ್ರಬಂಧ ಬರೆಯುತ್ತಾರೆ ಎಂಬುದು ಅಮೆರಿಕದ ಶಾಲೆಗಳಲ್ಲಿ ಹಳೆಯ ಗೋಳು, ಸುಳ್ಳೂ ಅಲ್ಲ. ಆದರೆ ಕಾಮಿಕ್ಸ್ ಓದಿ ಬರೆಯಬಹುದಾದಂಥ ಪ್ರಬಂಧವನ್ನು ಕೇಳಿದ್ದು ಯಾರು? ‘ಕಥೆಯ ಸಾರಾಂಶ ಬರೆಯಿರಿ’ ಎಂಬ ಪ್ರಶ್ನೆಗೆ 48 ಪುಟದ ಕಾಮಿಕ್ಸ್ ಧಾರಾಳವಾಗಿ ಸಾಕು, ಕಾದಂಬರಿ ದಂಡ.

ಭಾಷೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಹರ್ಮನ್ ಮೆಲ್ವಿಲ್‌ನ ‘ಮೊಬಿ ಡಿಕ್’ನಿಂದ ತಿಮಿಂಗಿಲದ ಬೇಟೆಯನ್ನು ತೆಗೆದಿಟ್ಟುಕೊಂಡು ತಿಮಿಂಗಿಲಗಳ ವರ್ಗೀಕರಣ, ಬಿಳಿ ಬಣ್ಣದ ಭಯಾನಕತೆಯ ಕುರಿತ ಜಿಜ್ಞಾಸೆ, ಎಣ್ಣೆ ಕುದಿಸುವ ಕಬ್ಬಿಣದ ಕೊಪ್ಪರಿಗೆಗಳ ವಿವರ ಇವನ್ನೆಲ್ಲ ಬಿಟ್ಟರೆ ಉಳಿಯುವುದು ಒಬ್ಬ ಹುಚ್ಚ ಕಪ್ತಾನನ ಹಗೆಯ ಕಥೆ ಮಾತ್ರ. ಅದನ್ನು ಕಾದಂಬರಿ ಎನ್ನಬಹುದೇ? ಆಗದು. ಮೆಲ್ವಿಲ್‌ನ ವಾಕ್ಯಕ್ಕೆ ಚಿತ್ರ ಬದಲಿಯಾಗಲಾರದು. ಆದರೆ ಒಳ್ಳೆಯ ಕಲಾವಿದ ಬದಲಿ ಕೊಡಲು ಹೊರಡುವುದೇ ಇಲ್ಲ. 1990ರಲ್ಲಿ ‘ಕ್ಲಾಸಿಕ್ಸ್ ಇಲಸ್ಟ್ರೇಟೆಡ್’ ಹೆಸರು ಮತ್ತೆ ಜೀವ ಪಡೆದಾಗ ಬಿಲ್ ಸಿಯೆನ್ಕೆವಿಚ್ ಅದೇ ಕಾದಂಬರಿಯನ್ನು ವರ್ಣಚಿತ್ರಗಳಲ್ಲಿ ಮಾಡಿದ. ಚೌಕಗಳ ಶಿಸ್ತು ಅಲ್ಲಿ ಒಡೆದುಹೋಗಿ ಪುಟವೇ ಕಡಲಿನಂತೆ ಹೊಯ್ದಾಡುತ್ತದೆ. ನಿರೂಪಕ ಇಸ್ಮೇಲನ ತಲೆಯೊಳಗಿನ ಗೊಂದಲ ಬಣ್ಣದಲ್ಲಿ ಬರುತ್ತದೆ. 2014ರಲ್ಲಿ ಫ್ರಾನ್ಸಿನ ಕ್ರಿಸ್ತೋಫ್ ಷಬೂತೆ ತೀರ ವಿರುದ್ಧ ದಾರಿ ಹಿಡಿದ. ಅಪ್ಪಟ ಕಪ್ಪು ಬಿಳುಪು, ಪುಟಗಟ್ಟಲೆ ಮೌನ, ಹಡಗಿನ ಮೇಲಿನ ಹಗ್ಗ, ಕೈ, ಮುಖ, ನೀರು. ಮೆಲ್ವಿಲ್ ಪುಟ ತುಂಬ ಮಾತಾಡುವ ಕಡೆ ಷಬೂತೆ ಬಾಯಿ ಮುಚ್ಚಿಕೊಂಡು ಕಾಯುತ್ತಾನೆ, ತಿಂಗಳುಗಟ್ಟಲೆ ಏನೂ ಘಟಿಸದ ಕಡಲಯಾನದ ಬೇಸರ ಆ ಕಾಯುವಿಕೆಯಲ್ಲೇ ಅನುಭವಕ್ಕೆ ಬರುತ್ತದೆ. ಇಬ್ಬರನ್ನೂ ಪಕ್ಕಪಕ್ಕ ಇಟ್ಟು ನೋಡಿದವರು ‘ಮೊಬಿ ಡಿಕ್’ ಬಗ್ಗೆ ಎರಡು ಬೇರೆ ವಿಮರ್ಶೆಗಳನ್ನು ಓದಿದಂತೆ. ಷಬೂತೆಯದು ನನಗೆ ಹೆಚ್ಚು ಆಳವಾಗಿ ಕಾಣುತ್ತದೆ, ಆದರೆ ಆ ಮಾತು ಜಗಳಕ್ಕೆ ಅರ್ಹ.

ಚಿತ್ರಕಾರರಿಗೆ ಈ ಕೃತಿಗಳು ಗರಡಿಮನೆಯೂ ಆಗಿದ್ದವು. ಇಟಲಿಯ ಹ್ಯೂಗೋ ಪ್ರಾಟ್ 1965ರಲ್ಲಿ ಮಕ್ಕಳ ಪತ್ರಿಕೆಯೊಂದಕ್ಕೆ ‘ಟ್ರೆಷರ್ ಐಲ್ಯಾಂಡ್’ ಬರೆದ. ಎರಡೇ ವರ್ಷದಲ್ಲಿ ಅವನ ಸ್ವಂತ ನಾವಿಕ ಕಾರ್ಟೊ ಮಾಲ್ಟೀಸ್ ಹುಟ್ಟಿದ. ಜಪಾನಿನ ಒಸಾಮು ತೆಜುಕಾ 1947ರಲ್ಲಿ ಸಕಾಯ್ ಶಿಚಿಮಾ ಜೊತೆ ಮಾಡಿದ ‘ಹೊಸ ಟ್ರೆಷರ್ ಐಲ್ಯಾಂಡ್’ ಸ್ಟೀವನ್‌ಸನ್‌ನಿಂದ ಹೆಸರು ಮತ್ತು ನಕ್ಷೆಯ ಹುರುಪನ್ನಷ್ಟೇ ಎರವಲು ತಂದದ್ದು. ಆದರೆ ಬಂದರಿನತ್ತ ಕಾರೋಡಿಸುವ ಹುಡುಗನನ್ನು ಸಿನಿಮಾದ ಹಾಗೆ ಕೋನ ಬದಲಿಸುತ್ತ ತೋರಿಸಿದ ಅದರ ಮೊದಲ ಪುಟಗಳು ಒಂದು ಪೀಳಿಗೆಯ ಮಂಗಾ ಕಲಾವಿದರನ್ನು ಬೆರಗುಗೊಳಿಸಿದವು.

ವರ್ಣಭೇದದ ಪ್ರಶ್ನೆಯನ್ನು ಹೀಗೆ ಎರಡು ಮಾತಿನಲ್ಲಿ ದಾಟಲಾಗದು. ಸಾಹಸ ಕಾದಂಬರಿಗಳ ಬಹುಪಾಲು ಸಾಮ್ರಾಜ್ಯದ ಹಡಗಿನಲ್ಲೇ ಪ್ರಯಾಣ ಮಾಡಿದಂಥವು. ಕ್ರೂಸೋ ಹಡಗೊಡೆದು ದ್ವೀಪ ಸೇರಿದ್ದೇ ಆಫ್ರಿಕಾದಿಂದ ಗುಲಾಮರನ್ನು ತರಲು ಹೊರಟಿದ್ದಾಗ. ಮಕ್ಕಳ ಆವೃತ್ತಿಗಳು ಹೆಚ್ಚಾಗಿ ಈ ಜಾಗದಲ್ಲಿ ಕಾಲು ಸರಸರ ಹಾಕುತ್ತವೆ. ಗದ್ಯದ ಪೂರ್ವಗ್ರಹ ಚಿತ್ರದಲ್ಲಿ ಮೂಗು ತುಟಿ ಪಡೆದು ಇನ್ನಷ್ಟು ಕ್ರೂರವಾಗುತ್ತದೆ ಎಂಬ ಆಕ್ಷೇಪ ಸರಿಯಾದದ್ದೇ. ಕ್ರೂಸೋನ ಸೇವಕ ಫ್ರೈಡೇಯನ್ನು ನೋಡಿ. ಕಾದಂಬರಿಕಾರ ಡಿಫೋ 1719ರಲ್ಲೇ ಅವನ ರೂಪವನ್ನು ಬಿಡಿಸಿ ಹೇಳಿದ್ದಾನೆ: ಉದ್ದನೆಯ ನೇರ ಕೂದಲು, ಆಲಿವ್ ಛಾಯೆಯ ಕಂದು ಬಣ್ಣ. ಅವನು ಒರಿನೊಕೊ ನದಿಯ ಮುಖದ ಕಡೆಯ ಕೆರಿಬಿಯನ್ ಮೂಲನಿವಾಸಿ. ಆದರೂ ಚಿತ್ರಕಾರರು ಪೀಳಿಗೆಯಿಂದ ಪೀಳಿಗೆಗೆ ಅವನನ್ನು ಆಫ್ರಿಕನ್ನನನ್ನಾಗಿ ಬರೆದರು, ಏಕೆಂದರೆ ಅವರ ಕಾಲದ ಕಣ್ಣಿಗೆ ‘ಸೇವಕ’ ಎಂದರೆ ಆ ಮುಖ. ಪಠ್ಯ ಎದುರಿಗಿದ್ದರೂ ಚಿತ್ರ ಅದನ್ನು ಧಿಕ್ಕರಿಸಿತು. ಕಾಮಿಕ್ಸ್ ಬರೀ ಸಂಕ್ಷೇಪ ಎಂದುಕೊಂಡವರಿಗೆ ಈ ತಪ್ಪು ಕಾಣುವುದೇ ಇಲ್ಲ, ಘಟನೆಗಳೆಲ್ಲ ಸರಿಯಾಗಿವೆಯಲ್ಲ! ವ್ಯಾಖ್ಯಾನ ಎಂದು ಓದುವವರು ಮಾತ್ರ ‘ಈ ಮುಖ ಎಲ್ಲಿಂದ ಬಂತು’ ಎಂದು ಕಲಾವಿದನನ್ನು ಹಿಡಿದು ನಿಲ್ಲಿಸಬಲ್ಲರು.

ಭಾರತದಲ್ಲಿ ಈ ಚರಿತ್ರೆಗೆ ಕನ್ನಡದ ಒಂದು ತಿರುವು ಇದೆ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ‘ಅಮರ ಚಿತ್ರಕಥೆ’ಯ ಜನಕರೆಂದು ಪ್ರಸಿದ್ಧರು. ಇಂಗ್ಲಿಷ್ ಮಾಲೆಯ ಮೊದಲ ಸಂಚಿಕೆ ‘ಕೃಷ್ಣ’ಕ್ಕೆ 11 ಎಂಬ ಸಂಖ್ಯೆ ಏಕೆ ಎಂದರೆ, ಅದಕ್ಕೂ ಮುಂಚೆ ಬೆಂಗಳೂರಿನ ಪುಸ್ತಕ ಮಾರಾಟಗಾರ ಜಿ.ಕೆ. ಅನಂತರಾಮ್ ಅವರ ಒತ್ತಾಸೆಯಿಂದ ಹತ್ತು ಸಂಚಿಕೆಗಳು ಬಂದಿದ್ದವು, ಕನ್ನಡದಲ್ಲಿ. ಅವು ಸಿಂಡ್ರೆಲಾ, ಪಿನೋಕಿಯೊ, ಅಲ್ಲಾದೀನನಂಥ ಹೊರನಾಡಿನ ಕಥೆಗಳು. ಬೇರೆಯವರ ಕಥೆಯನ್ನು ಚಿತ್ರದಲ್ಲಿ ಓದುವ ಅಭ್ಯಾಸ ಮೊದಲಾಗಿ, ನಮ್ಮ ಪುರಾಣ ಇತಿಹಾಸಗಳು ಆಮೇಲೆ ಅದೇ ಅಚ್ಚಿಗೆ ಬಂದವು. ಬಂಕಿಮಚಂದ್ರರ ‘ಆನಂದಮಠ’ದಂಥ ಕಾದಂಬರಿಯೂ ಮುಂದೆ ಆ ಮಾಲೆ ಸೇರಿತು. ರಾಮ, ಕೃಷ್ಣ, ಶಿವಾಜಿಯರ ಮುಖ ಹೇಗಿರಬೇಕೆಂದು ದೇಶದ ಎರಡು ಮೂರು ಪೀಳಿಗೆಗೆ ಕಲಿಸಿದ ಮಾಲೆಯನ್ನು ‘ಮಕ್ಕಳಿಗಾಗಿ ಸರಳೀಕರಣ’ ಎಂದು ಕರೆಯುವುದು ಎಂಥ ಕುರುಡು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಮೂಲ ಎಂಬುದು ಸ್ಥಿರ, ಶುದ್ಧ ವಸ್ತು, ಕಾಮಿಕ್ಸ್ ಅದನ್ನು ಕಲಬೆರಕೆ ಮಾಡುತ್ತದೆ ಎಂಬ ನಂಬಿಕೆಯೊಂದು ಉಳಿದಿದೆ. ಅದಕ್ಕೆ ಜೂಲ್ ವರ್ನ್‌ನ ಕಪ್ತಾನ್ ನೆಮೋ ಉತ್ತರ ಕೊಡುತ್ತಾನೆ. ‘ಟ್ವೆಂಟಿ ಥೌಸಂಡ್ ಲೀಗ್ಸ್’ನಲ್ಲಿ ಅವನ ದೇಶ ಯಾವುದೆಂದು ವರ್ನ್ ಬಾಯಿ ಬಿಡುವುದಿಲ್ಲ. ಅವನಿಗೆ ಸೆರೆ ಸಿಕ್ಕವರು ಫ್ರೆಂಚ್, ಇಂಗ್ಲಿಷ್, ಜರ್ಮನ್, ಕೊನೆಗೆ ಲ್ಯಾಟಿನ್‌ನಲ್ಲೂ ಮಾತಾಡಿಸಿ ನೋಡುತ್ತಾರೆ, ಪ್ರಯೋಜನವಿಲ್ಲ. ನೆಮೋನನ್ನು ರಷ್ಯಾದ ಮೇಲೆ ಹಗೆ ಸಾಧಿಸುವ ಪೋಲೆಂಡಿನ ಕುಲೀನನನ್ನಾಗಿ ಮಾಡಲು ವರ್ನ್ ಬಯಸಿದ್ದ, ಹೆಟ್ಜೆಲ್ ಒಪ್ಪಲಿಲ್ಲ. ಆ ಮೌನ ಹಾಗೆ ಹುಟ್ಟಿದ್ದು. ಸಿಂಹಳದ ಕಡಲಿನಲ್ಲಿ ಶಾರ್ಕ್‌ನ ಬಾಯಿಂದ ಮುತ್ತು ಆಯುವ ಭಾರತೀಯನೊಬ್ಬನನ್ನು ನೆಮೋ ಕಾಪಾಡಿ, ತಾನೂ ದಮನಿತರ ನಾಡಿನವನೇ ಎನ್ನುವ ಕಡೆ ಮಾತ್ರ ಒಂದು ಸುಳಿವಿದೆ. ಗುಟ್ಟು ಬಯಲಾಗುವುದು 1875ರಲ್ಲಿ ಮುಗಿದ ‘ಮಿಸ್ಟೀರಿಯಸ್ ಐಲ್ಯಾಂಡ್’ನ ಕೊನೆಯಲ್ಲಿ. ನೆಮೋ ಬುಂದೇಲ್‌ಖಂಡದ ರಾಜಕುಮಾರ ದಕ್ಕಾರ್. 1857ರ ದಂಗೆಯಲ್ಲಿ ಬ್ರಿಟಿಷರ ವಿರುದ್ಧ ಕಾದಾಡಿ ಎಲ್ಲವನ್ನೂ ಕಳೆದುಕೊಂಡವನು. ಮೈಸೂರಿನ ಟಿಪ್ಪು ಸುಲ್ತಾನನ ಸಂಬಂಧಿ, ತಮ್ಮನ ಮಗನೋ ತಂಗಿಯ ಮಗನೋ ಆಗಬೇಕು. ಈ ಪುಟಗಳಲ್ಲಿದ್ದ ಬ್ರಿಟಿಷ್ ವಿರೋಧವನ್ನು ಆ ಕಾಲದ ಇಂಗ್ಲಿಷ್ ಅನುವಾದ ತಣ್ಣಗೆ ಮಾಡಿಬಿಟ್ಟಿತು. ‘ಟ್ವೆಂಟಿ ಥೌಸಂಡ್ ಲೀಗ್ಸ್’ನ ಬಹುಕಾಲ ಚಾಲ್ತಿಯಲ್ಲಿದ್ದ ಮರ್ಸಿಯರ್ ಅನುವಾದವಂತೂ ಕಾದಂಬರಿಯ ಸುಮಾರು ಐದನೇ ಒಂದು ಪಾಲನ್ನೇ ನುಂಗಿತ್ತು. ಇಂಗ್ಲಿಷ್ ಮೂಲಕ ವರ್ನ್‌ನನ್ನು ಓದಿದವರು, ನಾವೂ ಸೇರಿದಂತೆ, ‘ಮೂಲ’ ಎಂದು ಎದೆಗಪ್ಪಿಕೊಂಡದ್ದು ಇಂಥದ್ದನ್ನು. ಕಾಮಿಕ್ಸ್‌ಗೆ ಕನಿಷ್ಠ ತಾನು ರೂಪಾಂತರ ಎಂದು ಹೇಳಿಕೊಳ್ಳುವ ಪ್ರಾಮಾಣಿಕತೆಯಾದರೂ ಇತ್ತು.

ಗದ್ಯ ನೆಮೋನ ಗುಟ್ಟನ್ನು ಎರಡು ಕಾದಂಬರಿಗಳುದ್ದಕ್ಕೂ ಕಾಪಾಡಬಲ್ಲದು. ಚಿತ್ರಕ್ಕೆ ಆ ಸವಲತ್ತಿಲ್ಲ. ನಾಟಿಲಸ್ ಜಲಾಂತರ್ಗಾಮಿ ನೌಕೆಯ ಬಾಗಿಲು ತೆರೆದು ಅವನು ಒಳಬಂದ ಮೊದಲ ಚೌಕದಲ್ಲೇ ಒಂದು ಮುಖ ಕೊಡಬೇಕು. ಹೆಟ್ಜೆಲ್‌ನ ಕೆತ್ತನೆಗಳಿಂದ ಹಿಡಿದು ಬಹುಪಾಲು ಕಾಮಿಕ್ಸ್‌ಗಳವರೆಗೆ, 1954ರ ಡಿಸ್ನಿ ಸಿನಿಮಾದ ಜೇಮ್ಸ್ ಮೇಸನ್‌ವರೆಗೆ, ಆ ಮುಖ ಗಡ್ಡದ ಯುರೋಪಿಯನ್ನನದು. ಅಲನ್ ಮೂರ್ ಬರೆದು ಕೆವಿನ್ ಒ’ನೀಲ್ ಚಿತ್ರಿಸಿದ ‘ದಿ ಲೀಗ್ ಆಫ್ ಎಕ್ಸ್‌ಟ್ರಾರ್ಡಿನರಿ ಜೆಂಟಲ್‌ಮೆನ್’ 1999ರಲ್ಲಿ ಬಂದಾಗ ನೆಮೋ ತಲೆಗೆ ರುಮಾಲು ಸುತ್ತಿ, ಇಂಗ್ಲಿಷರ ಮೇಲಿನ ಸಿಟ್ಟನ್ನು ಮರೆಮಾಚದೆ ನಿಂತ. ವರ್ನ್ ಕೊನೆಯ ಪುಟಗಳಲ್ಲಿ ಹೇಳಿದ್ದನ್ನು ಒ’ನೀಲ್ ಮೊದಲ ನೋಟಕ್ಕೇ ಹೇಳಿದ. ಅವನ ನೆಮೋ ನೋಡಲು ಸಿಖ್ಖನಂತಿದ್ದಾನೆ, ಬುಂದೇಲ್‌ಖಂಡದವನಂತಲ್ಲ ಎಂದು ತಕರಾರು ತೆಗೆಯಬಹುದು, ತೆಗೆಯಬೇಕು ಕೂಡ. ಆದರೆ ತಕರಾರಿಗೆ ಆಸ್ಪದ ವರ್ನ್‌ನಲ್ಲೇ ಇದೆ. ಟಿಪ್ಪು ಸತ್ತದ್ದು 1799ರಲ್ಲಿ. ವರ್ನ್‌ನ ಲೆಕ್ಕದಲ್ಲಿ ದಕ್ಕಾರ್ ಹುಟ್ಟುವುದು ಅದಾಗಿ ಇಪ್ಪತ್ತು ವರ್ಷಕ್ಕೆ. ಬುಂದೇಲ ರಾಜನ ಮಗ ಶ್ರೀರಂಗಪಟ್ಟಣದ ಸುಲ್ತಾನನಿಗೆ ಹೇಗೆ ನೆಂಟನಾದ ಎಂಬುದನ್ನು ಅವನು ವಿವರಿಸುವುದಿಲ್ಲ, ಪ್ಯಾರಿಸ್‌ನಿಂದ ನೋಡಿದರೆ ಆ ದೂರ ಕಾಣುವಂಥದ್ದೂ ಅಲ್ಲ. ನೆಮೋನನ್ನು ಕನ್ನಡದಲ್ಲಿ ಬರೆಯಹೊರಟ ಕಲಾವಿದರು ಮೊದಲ ಚೌಕಕ್ಕೆ ಪೆನ್ಸಿಲ್ ಇಡುವ ಮುನ್ನ ಇದನ್ನೆಲ್ಲ ತೀರ್ಮಾನ ಮಾಡಿಕೊಳ್ಳಬೇಕು: ರುಮಾಲು ಯಾವ ಸೀಮೆಯದು, ಗಡ್ಡ ಯಾವ ರೀತಿಯದು, ಕ್ಯಾಬಿನ್ನಿನ ಗೋಡೆಯ ಮೇಲೆ ತೂಗುಹಾಕಿದ ಕತ್ತಿಯ ಹಿಡಿಗೆ ಮೈಸೂರಿನ ಹುಲಿಮುಖ ಇರಬೇಕೋ ಬೇಡವೋ, ಮತ್ತು ಅದನ್ನು ಓದುಗ ಎಷ್ಟನೇ ಪುಟದಲ್ಲಿ ಗಮನಿಸಬೇಕು.